ಗೋಡೆಯ ಮೇಲಿನ ವಾಕ್ಯ

ಮಾರ್ಚ್ ೬, ಮಂಗಳವಾರ
ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಸೂಜಿ,

ನನ್ನ ಮನೆಯಿಂದ ನಿನ್ನ ಅಂಗಡಿಗೆ ಹತ್ತು ನಿಮಿಷದ ದಾರಿ. ನಿನ್ನೆ ಸಂಜೆ ತಾನೇ ನಿನ್ನ ಬೆಂಚಿನ ಎದುರಿನ ಸ್ಟೂಲಿನ ಮೇಲೆ ಕೂತು, ಎರಡು ಲೋಟ ಚಹಾ ಕುಡಿದು, ಬೇಕಾದ ಮಾತು ಬಿಟ್ಟು ಬೇಡದ್ದೆಲ್ಲ ಆಡಿ ಬಂದಿದ್ದೇನೆ. ಅಂಥವಳು ಅಂಚೆಚೀಟಿ ಹಚ್ಚಿ ಕಾಗದ ಕಳಿಸಿದ್ದಾಳೆ ಅಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದು ಲಕೋಟೆ ನೋಡಿದಾಗಲೇ ಅಂದುಕೊಂಡಿರುತ್ತೀಯ. ಸರಿಯಾಗಿಯೇ ಅಂದುಕೊಂಡಿದ್ದೀಯ. ಎದುರಿಗೇ ಹೇಳಿಬಿಡೋಣ ಎಂದು ನಿನ್ನೆ ಮೂರು ಸಲ ಬಾಯಿ ತೆರೆದೆ. ಎರಡು ಸಲ ಯಾರೋ ರಿಪೇರಿಗೆಂದು ಹೊಲಿಗೆ ಯಂತ್ರ ಹೊತ್ತುಕೊಂಡು ಒಳಗೆ ಬಂದರು. ಮೂರನೆಯ ಸಲ ಯಾರೂ ಬರಲಿಲ್ಲ. ನಾನೇ ಬಾಯಿ ಮುಚ್ಚಿಕೊಂಡೆ.

ನನ್ನ ಪುಸ್ತಕ ಅಚ್ಚಿಗೆ ಹೋಗುತ್ತಿದೆ ಎಂದು ಹೇಳಿದ ದಿನ ನೀನು ಕೇಳಿದೆಯಲ್ಲ, "ನನ್ನ ಕಣ್ಣು ತಪ್ಪಿಸಿ ಯಾವಾಗ್ಲೇ ಬರಹಗಾರ್ತಿ ಆದೆ ನೀನು?" ಅಂತ. ನಾನು ಏನೋ ತಮಾಷೆ ಮಾಡಿ ಜಾರಿಕೊಂಡೆ. ನಿಜವಾದ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ದಿನ ಗೊತ್ತು, ಹೊತ್ತು ಗೊತ್ತು, ಆಗ ನೀನು ಉಟ್ಟಿದ್ದ ಸೀರೆಯ ಬಣ್ಣವೂ ಗೊತ್ತು. ಅದನ್ನೇ ಈಗ ಬರೆಯುತ್ತಿದ್ದೇನೆ.

ಪುಸ್ತಕದಲ್ಲಿ ಹನ್ನೆರಡು ಕಥೆಗಳಿವೆ. ಹನ್ನೊಂದನ್ನು ನಿನಗೆ ಓದಿ ಹೇಳಿದ್ದೇನೆ, ಅದರಲ್ಲಿ ಎರಡಕ್ಕೆ ನೀನು ತೂಕಡಿಸಿದ್ದೂ ಆಗಿದೆ. ಹನ್ನೆರಡನೆಯದನ್ನು ನಿನ್ನಿಂದ ಬಚ್ಚಿಟ್ಟಿದ್ದೇನೆ. ಅದು ನಿನ್ನದೂ ನನ್ನದೂ ಕಥೆ. ಶುಕ್ರವಾರ ಕರಡು ತಿದ್ದಿ ಪ್ರಕಾಶಕರಿಗೆ ಹಿಂದಿರುಗಿಸಬೇಕು. ಅದಕ್ಕೆ ಮೊದಲು ನೀನು ಎಲ್ಲವನ್ನೂ ತಿಳಿದು, ಇರಲಿ ಅಥವಾ ಬೇಡ ಎಂದು ಹೇಳಬೇಕು. ಬೇಡ ಎಂದರೆ ಆ ಹಾಳೆಗಳನ್ನು ಕಿತ್ತು ಹಾಕುತ್ತೇನೆ. ಅದರ ಜೊತೆ ನೀನು ನನ್ನನ್ನೂ ಕಿತ್ತು ಹಾಕಬಹುದು ಎಂಬ ಭಯ ಇರುವುದರಿಂದಲೇ ಇಷ್ಟು ಸುತ್ತಿ ಬಳಸಿ ಬರೆಯುತ್ತಿದ್ದೇನೆ.

ನನ್ನ ಹುಟ್ಟುಗುಣ ನಿನಗೆ ಗೊತ್ತೇ ಇದೆ. ನಾಲ್ಕನೇ ತರಗತಿಯಲ್ಲಿ "ನಮ್ಮ ಮನೆಯ ಬೆಕ್ಕು" ಎಂದು ಪ್ರಬಂಧ ಬರೆಯಲು ಹೇಳಿದ್ದರು. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ. ಪಕ್ಕದ ಮನೆಯಾಕೆಗೆ ಒಂದಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಆಕೆ ಬೆಕ್ಕಿನ ಮುಂದೆ ಅವನನ್ನು ಬಯ್ಯುವುದನ್ನು ನಾನು ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಅದನ್ನೇ ಒಂದಕ್ಷರ ಬಿಡದೆ ಎರಡು ಪುಟ ಬರೆದುಕೊಂಡು ಹೋದೆ. ಮೇಷ್ಟ್ರು ಓದಿ, ಪುಸ್ತಕ ಮುಚ್ಚಿ, ನನ್ನ ಅಮ್ಮನಿಗೆ ಹೇಳಿ ಕಳಿಸಿದರು. ಅಮ್ಮ ಮನೆಗೆ ಬಂದು, ಊರ ಉಸಾಬರಿ ನಿನಗ್ಯಾಕೆ ಅಂತ ಕಿವಿ ಹಿಂಡಿದಳು. ಕಿವಿ ಕೆಂಪಾಯಿತೇ ಹೊರತು ಬುದ್ಧಿ ಬರಲಿಲ್ಲ.

ಅಂಥ ಕಿವಿಯನ್ನು ತಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂರಿಸಿದರೆ ಏನಾಗಬೇಕು ಹೇಳು. ಎರಡನೆಯ ಮಹಡಿಯ ಹಿಂಬದಿ, ಬಟ್ಟೆ ಒಗೆಯುವ ವಿಭಾಗದ ಹಬೆ ಬರುವ ಕಿಟಕಿ, ನಾಲ್ಕು ಮೇಜು, ನಾಲ್ಕು ಜನ ಬೆರಳಚ್ಚುಗಾರ್ತಿಯರು. ವೈದ್ಯರು ಪ್ರತಿ ರೋಗಿಯ ವಿವರವನ್ನು ಸಣ್ಣ ಟೇಪಿನಲ್ಲಿ ಹೇಳಿ ಕಳಿಸುತ್ತಿದ್ದರು. ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಬಿಡುಗಡೆ ಪತ್ರವಾಗಿ ಬೆರಳಚ್ಚು ಮಾಡಬೇಕು. ಮೇಜಿನ ಕೆಳಗೆ ಒಂದು ಪೆಡಲು. ಕಾಲ್ಬೆರಳುಗಳಿಂದ ಒತ್ತಿದರೆ ಟೇಪು ಮುಂದೆ, ಹಿಮ್ಮಡಿ ಒತ್ತಿದರೆ ಹಿಂದೆ, ಕಾಲೆತ್ತಿದರೆ ನಿಲುಗಡೆ. ನೀನು ಹೊಲಿಗೆ ಯಂತ್ರವನ್ನು ಕಾಲಲ್ಲಿ ಪರೀಕ್ಷೆ ಮಾಡುವುದನ್ನು ನೋಡಿದಾಗಲೆಲ್ಲ, ನಾವಿಬ್ಬರೂ ಕಾಲಿನಿಂದ ಅನ್ನ ದುಡಿದವರು ಎಂದು ನಗು ಬರುತ್ತದೆ.

ಎಳೆಯ ವೈದ್ಯರಿಗೆ ಒಂದು ಅಭ್ಯಾಸ ಇತ್ತು. ಹೇಳುವುದನ್ನು ಹೇಳಿ, ಟೇಪು ನಿಲ್ಲಿಸಲು ಮರೆತು, ಯಂತ್ರವನ್ನು ರೋಗಿಯ ಮಂಚದ ಪಕ್ಕದಲ್ಲೇ ಇಟ್ಟು ಮುಂದಿನ ಹಾಸಿಗೆಗೆ ಹೋಗಿಬಿಡುತ್ತಿದ್ದರು. ಟೇಪು ಪಾಪ ತನ್ನ ಪಾಡಿಗೆ ತಿರುಗುತ್ತಿತ್ತು. ಉಳಿದ ಮೂವರು ಅಲ್ಲಿಗೆ ಕಿತ್ತು ಬೇರೆ ಟೇಪು ಹಾಕುತ್ತಿದ್ದರು. ನಾನು ಕೊನೆಯವರೆಗೂ ಕೇಳುತ್ತಿದ್ದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಚಮಚ ಬಿದ್ದ ಸದ್ದು, ಕಿಟಕಿ ಮುಚ್ಚಿದ ಸದ್ದು, ಅದರ ನಡುವೆ ಜನರ ಮಾತು. ಕಾಲು ಮುರಿದ ಒಬ್ಬಾತ ಕಚೇರಿಯಲ್ಲಿ ರಜೆ ಹೇಗೆ ಕೇಳಬೇಕು ಎಂದು ಏಳು ರೀತಿ ಅಭ್ಯಾಸ ಮಾಡಿದ. ಏಳನೆಯ ರೀತಿಯಲ್ಲಿ ರಜೆ ಕೇಳುವುದನ್ನೇ ಮರೆತು ಕ್ಷಮೆ ಕೇಳಿದ. ಇನ್ನೊಬ್ಬಾಕೆ, ಮನೆಗೆ ಹೋಗುವಾಗ ಯಾವ ಬಸ್ಸು ಹತ್ತಿದರೆ ಮಗನ ತರಗತಿಯ ಕಿಟಕಿ ಕಾಣುತ್ತದೆ ಎಂದು ನರ್ಸನ್ನು ವಿಚಾರಿಸಿದಳು. ಇವನ್ನೆಲ್ಲ ನಾನು ಒಂದು ಬೂದು ರಟ್ಟಿನ ನೋಟುಪುಸ್ತಕದಲ್ಲಿ ಬರೆದಿಡತೊಡಗಿದೆ. ಬರಹಗಾರ್ತಿ ಆಗಬೇಕೆಂದಲ್ಲ. ಕೇಳಿದ ಪ್ರಶ್ನೆ ಒಂದಾದರೆ ಜನ ಬೇರೆ ಯಾವುದಕ್ಕೋ ಉತ್ತರ ಹೇಳುತ್ತಾರೆ, ಅದು ಯಾಕೆ ಎಂದು ತಿಳಿದುಕೊಳ್ಳುವ ಚಪಲ. ನನ್ನ ಮೂವರು ಸಹೋದ್ಯೋಗಿಗಳು ನನಗೆ "ಕಿವಿ" ಎಂದು ಹೆಸರಿಟ್ಟದ್ದು ಆಗಲೇ.

ಇನ್ನು ನಿನ್ನ ಅಪ್ಪನ ವಿಷಯ.

ಅವರ ಟೇಪು ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಎದೆನೋವಿಗೆ ಸೇರಿದ್ದ ಹೊಲಿಗೆ ಯಂತ್ರ ರಿಪೇರಿಗಾರ, ಅರವತ್ತೆಂಟು ವರ್ಷ. ವೈದ್ಯರು ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳನ್ನು ಒಂದೊಂದಾಗಿ ಹೇಳಿದರು. ಮಾತ್ರೆ, ಉಪ್ಪು, ಮೆಟ್ಟಿಲು, ಭಾರ, ನಿದ್ದೆ. ಐದು ಮುಗಿಯಿತು. ಟೇಪು ಮಾತ್ರ ಓಡುತ್ತಲೇ ಇತ್ತು. ನನ್ನ ಬೆರಳು ಓಡುತ್ತಿತ್ತು. ಯಾವುದು ಕೆಲಸಕ್ಕೆ, ಯಾವುದು ನೋಟುಪುಸ್ತಕಕ್ಕೆ ಎಂಬ ಪರಿವೆ ಅಷ್ಟು ವರ್ಷಗಳಲ್ಲಿ ಮಸುಕಾಗಿತ್ತೋ ಏನೋ, ನಿನ್ನ ಅಪ್ಪ ನರ್ಸಿಗೆ ಹೇಳಿದ ಮಾತನ್ನೂ ಹಾಗೇ ಆರನೆಯ ಸೂಚನೆಯಾಗಿ ಕುಟ್ಟಿಬಿಟ್ಟೆ. ಹಿರಿಯ ವೈದ್ಯರು ಓದದೆ ಸಹಿ ಹಾಕುವುದರಲ್ಲಿ ನಿಸ್ಸೀಮರು. ಹೀಗೆ ನಿಮ್ಮ ಮನೆಗೆ ಆಸ್ಪತ್ರೆಯ ಮೊಹರಿನ ಸಮೇತ ಬಂದ ಆದೇಶವನ್ನು ನೀನು ಎಷ್ಟೋ ಸಲ ಬಾಯಿಪಾಠ ಒಪ್ಪಿಸಿದ್ದೀಯ: "೬. ನನ್ನನ್ನ ಬಿಡ್ತಿದ್ದಾರೆ ಅಂತ ಮಗಳಿಗೆ ಮೊದಲೇ ಹೇಳ್ಬೇಡಿ. ಮನೆಯೆಲ್ಲ ತೊಳೆದು ಇಟ್ಟುಬಿಡ್ತಾಳೆ, ಆಮೇಲೆ ಒಂದು ಸ್ಕ್ರೂ ಸಿಗಲ್ಲ, ಅಷ್ಟೆ."

ಅವರು ಮನೆಗೆ ಬಂದು ಐದು ವಾರ ಇದ್ದರು. ತೀರಿಹೋದ ಮೇಲೆ ಹದಿನೈದು ದಿನಕ್ಕೆ ನೀನು ಆ ಪತ್ರ ಹಿಡಿದು ನಮ್ಮ ಕೋಣೆಗೆ ಬಂದೆ. ಹಾಳೆಯ ಕೆಳಗೆ ಬೆರಳಚ್ಚುಗಾರ್ತಿಯ ಸಂಖ್ಯೆ ಇರುತ್ತದಲ್ಲ, ನನ್ನದು ನಾಲ್ಕು. ಬಾಗಿಲಲ್ಲೇ ನಿಂತು, "ನಾಲ್ಕನೇ ನಂಬರ್ ಯಾರು?" ಅಂದೆ. ಹಸಿರು ಸೀರೆ, ತೆಳ್ಳಗಿನ ಮೈ, ಚುಚ್ಚುವ ದನಿ. ನಿನಗೆ ಸೂಜಿ ಎಂಬ ಹೆಸರು ನನ್ನ ಮನಸ್ಸಿನಲ್ಲಿ ಬಿದ್ದದ್ದು ಆ ಕ್ಷಣದಲ್ಲೇ. ಕೆಲಸ ಹೋಯಿತು ಎಂದುಕೊಂಡು ಎದ್ದು ನಿಂತೆ. ನೀನು ದೂರು ಕೊಡಲು ಬಂದಿರಲಿಲ್ಲ. "ಮನೇಲಿ ಹತ್ತು ಮಾತಿಗೆ ಒಂದು ಮಾತಾಡ್ತಿರಲಿಲ್ಲ ನಮ್ಮಪ್ಪ. ಇಲ್ಲಿ ಇಷ್ಟು ಮಾತಾಡಿದ್ರಾ? ಇನ್ನೂ ಏನೇನು ಹೇಳಿದ್ರು?" ಅಂತ ಕೇಳಿದೆ.

ಟೇಪು ಇದೆಯೇ ಎಂದೂ ನೀನು ಕೇಳಿದೆ. ವಾರಕ್ಕೊಮ್ಮೆ ಎಲ್ಲ ಟೇಪುಗಳನ್ನೂ ಅಳಿಸಿ ಮತ್ತೆ ಬಳಸುತ್ತಾರೆ ಎಂದು ನಾನು ಹೇಳಿದೆ. ಅದು ನಿಜ. ಆಮೇಲೆ ನೀನು ಆ ತಗಡಿನ ಕುರ್ಚಿಯಲ್ಲಿ ಕೂತು, ಗುರುತಿಲ್ಲದ ನನ್ನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ನಕ್ಷೆ ಕಚೇರಿಯಲ್ಲಿ ನೀನು ಭೂಪಟ ಬರೆಯುವ ಕೆಲಸ ಮಾಡುತ್ತಿದ್ದದ್ದು, ಸಮುದ್ರ ದಂಡೆಯ ಊರಿನ ದೊಡ್ಡ ಕಚೇರಿಗೆ ವರ್ಗದ ಆದೇಶ ಬಂದದ್ದು, ಅಪ್ಪನ ಅಂಗಡಿ ಕೊಳ್ಳಲು ಒಬ್ಬರು ಸೋಮವಾರ ಬರುವುದಿದ್ದದ್ದು. ಚಿಕ್ಕಂದಿನಿಂದ ಆ ಬೆಂಚಿನ ಹಿಂದೆ ಕೂರುವ ಆಸೆ, ಅಪ್ಪ ಒಂದು ದಿನವೂ ಕೂರಿಸಲಿಲ್ಲ ಎಂಬ ನೋವು. ಕೊನೆಗೆ ನೀನು ಕೇಳಿದ ಮಾತು ಇದು: "ಅಂಗಡಿ ಬಗ್ಗೆ, ನನ್ನ ಬಗ್ಗೆ, ಏನಾದ್ರೂ ಅಂದ್ರಾ?"

ಟೇಪು ಸ್ಕ್ರೂವಿನ ಮಾತಿಗೇ ಮುಗಿದಿತ್ತು, ಸೂಜಿ. ನಿನ್ನ ಬಗ್ಗೆ ಅದರಲ್ಲಿ ಇನ್ನೇನೂ ಇರಲಿಲ್ಲ.

ನಾನು ಹೇಳಿದೆ: "ಹೇಳಿದ್ರು. ನನ್ನ ಮಗಳಿಗೆ ಯಂತ್ರದ ಸದ್ದು ಅರ್ಥ ಆಗುತ್ತೆ. ನನಗಿಂತ ಒಳ್ಳೆ ರಿಪೇರಿಗಾರ್ತಿ ಆಗ್ತಾಳೆ. ನಾನು ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ. ಹಾಗಂದ್ರು."

ಇದನ್ನು ಓದುವಾಗ ನೀನು ತಲೆ ಎತ್ತಿ ಗೋಡೆ ನೋಡುತ್ತೀಯ ಎಂದು ಗೊತ್ತು. ಅದೇ ವಾಕ್ಯ. ನೀನು ನಕ್ಷೆಯ ಮೇಲೆ ಊರಿನ ಹೆಸರು ಬರೆಯುವಂಥ ಚೆಂದದ ಅಕ್ಷರದಲ್ಲಿ ಬರೆದು, ಗಾಜು ಹಾಕಿಸಿ, ಬೆಂಚಿನ ಮೇಲೆ ಹತ್ತೊಂಬತ್ತು ವರ್ಷದಿಂದ ತೂಗುಹಾಕಿರುವ ವಾಕ್ಯ. ಅದು ನಿನ್ನ ಅಪ್ಪನದಲ್ಲ. ನನ್ನದು.

ನನ್ನ ಬಾಯಿಂದ ಅದು ಹೇಗೆ ಬಂತು ಎಂದು ಅಂದಿನಿಂದಲೂ ಯೋಚಿಸುತ್ತಲೇ ಇದ್ದೇನೆ. ಕರುಣೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ. ಕರುಣೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಒಂದು ಕುತೂಹಲ ಇತ್ತು. ಆ ಮನುಷ್ಯನ ದನಿ ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು, ಮಾತು ಮುಗಿಸುವಾಗ "ಅಷ್ಟೆ" ಎಂದು ಬಾಗಿಲು ಹಾಕುವ ಆ ಪರಿ. ಇನ್ನೊಂದು ಮಾತು ಆಡಿದ್ದರೆ ಹೇಗೆ ಆಡುತ್ತಿದ್ದರು ಎಂದು ನೋಡಬೇಕೆನಿಸಿತು. ನೋಡಿದೆ. ನೀನು ಕಣ್ಣೊರೆಸಿಕೊಂಡು, "ಹೌದು, ಅಪ್ಪ ಹೀಗೇ ಮಾತಾಡೋದು. ಅಷ್ಟೆ ಅಂತಲೇ ಮುಗಿಸೋದು" ಅಂದೆ. ನಾಚಿಕೆಗೇಡಿನ ಮಾತು, ಆದರೂ ಇವತ್ತು ಬಚ್ಚಿಡುವುದಿಲ್ಲ: ನನಗೆ ಆಗ ಬಹಳ ಖುಷಿಯಾಯಿತು. ಅಳುತ್ತಿರುವ ಹೆಂಗಸಿನ ಮುಂದೆ ನಿಂತು, ಇಲ್ಲದ ಮಾತೊಂದು ಇದೆ ಎನ್ನುವಂತೆ ಮಾಡಿದೆನಲ್ಲ ಎಂಬ ಖುಷಿ. ನೀನು ಕೇಳಿದೆಯಲ್ಲ ಯಾವಾಗ ಬರಹಗಾರ್ತಿ ಆದೆ ಎಂದು. ಆಗ. ಆ ಹೊತ್ತಿಗೆ.

ಸೋಮವಾರ ನೀನು ಅಂಗಡಿ ಮಾರಲಿಲ್ಲ. ಬುಧವಾರ ನಕ್ಷೆ ಕಚೇರಿಗೆ ರಾಜೀನಾಮೆ ಕೊಟ್ಟೆ. ಆ ವಾರದ ಕೊನೆಗೆ ನನ್ನನ್ನು ಚಹಾಕ್ಕೆ ಕರೆದೆ. ಹೋದರೆ ಗೋಡೆಯ ಮೇಲೆ ಆ ಚೌಕಟ್ಟು. ನನ್ನ ಮೊಟ್ಟಮೊದಲ ಪ್ರಕಟಿತ ಕೃತಿ, ಅದೂ ಬೇರೆಯವರ ಹೆಸರಲ್ಲಿ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಷ್ಟರಲ್ಲಿ ನನ್ನ ಮಾತು ಹೋಗಿ ಗಾಜಿನೊಳಗೆ ಕೂತಿತ್ತು. ಆಗಲೇ ಹೇಳಬಹುದಿತ್ತು. ರಾಜೀನಾಮೆ ಹಿಂತೆಗೆದುಕೊಂಡು ಹೊಸ ಕಚೇರಿಗೆ ಹಾಜರಾಗಲು ಇನ್ನೂ ಮೂರು ದಿನ ಬಾಕಿ ಇತ್ತು, ನೀನೇ ಹೇಳಿದ್ದೆ. ನಾನು ಚಹಾ ಕುಡಿದೆ.

ಮೊದಲ ವರ್ಷ ನೆನಪಿದೆಯೇ? ಬಸ್ ನಿಲ್ದಾಣದ ಹಿಂದಿನ ದರ್ಜಿ ಹೆಂಗಸು ತನ್ನ ಯಂತ್ರವನ್ನು ನಿನ್ನ ಮೆಟ್ಟಿಲ ಮೇಲೆ ಇಟ್ಟು, ಇವಳು ಮುಟ್ಟಿದ ಮೇಲೆ ಇದು ಹಿಂದಕ್ಕೆ ಹೊಲಿಯುತ್ತೆ ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದಳಲ್ಲ. ನೀನು ಯಂತ್ರ ಒಳಗೆ ತಂದೆ. ತಲೆ ಎತ್ತಿ ಗೋಡೆ ನೋಡಿದೆ. ಮತ್ತೆ ಸ್ಕ್ರೂಡ್ರೈವರ್ ಹಿಡಿದೆ. ನಾನು ಸ್ಟೂಲಿನ ಮೇಲೆ ಕೂತು ಒಳಗೊಳಗೇ ಸಾಯುತ್ತಿದ್ದೆ. ನೀನು ದಾರದ ಬಿಗಿ ತಪ್ಪಿಸುವೆ, ಬಾಬಿನ್ ತಿರುಗಮುರುಗ ಹಾಕುವೆ, ಮತ್ತೆ ಗೋಡೆ ನೋಡುವೆ. ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ, ಗಿರಾಕಿ ಇನ್ನೂ ಮೆಟ್ಟಿಲು ಹತ್ತುತ್ತಿರುವಾಗ, ಕೈಯಲ್ಲಿದ್ದ ಯಂತ್ರದ ಚಕ್ರ ಅಲ್ಲಾಡಿದ ಸದ್ದು ಕೇಳಿಯೇ, ಒಳಗೆ ಸ್ಪ್ರಿಂಗ್ ಸಡಿಲಾಗಿದೆ ಅಂದೆ ನೀನು. ಬಿಚ್ಚಿ ನೋಡಿದರೆ ಸಡಿಲಾಗಿತ್ತು. ಈಗ ಮೂರು ಊರಿನ ದರ್ಜಿಗಳು ನಿನ್ನ ಹತ್ತಿರ ಬರುತ್ತಾರೆ. ನಾನು ಹೇಳಿದ ಸುಳ್ಳನ್ನು ನೀನು ಕೈಯಾರೆ ನಿಜ ಮಾಡಿದೆ. ಹಾಗೆಂದು ಸುಳ್ಳು ಹೇಳಿದವಳ ತಪ್ಪು ತೀರಿತೇ? ನಿನ್ನ ಬೆನ್ನು ಬಾಗಿದ್ದನ್ನು, ಕನ್ನಡಕದ ಗಾಜು ದಪ್ಪವಾದದ್ದನ್ನು ನೋಡುವಾಗ ತೀರಿತು ಎಂದು ನನಗೆ ಅನಿಸುವುದಿಲ್ಲ. ಸಮುದ್ರವನ್ನು ನೀನು ಇವತ್ತಿಗೂ ನೋಡಿಲ್ಲ.

ನೀನು ಯಂತ್ರದ ಜೊತೆ ಗುದ್ದಾಡುತ್ತಿದ್ದ ವರ್ಷಗಳಲ್ಲಿ ನಾನು ಕಥೆಗಳ ಜೊತೆ ಗುದ್ದಾಡಿದೆ. ರಜೆ ಕೇಳುವವನ ಕಥೆ, ಬಸ್ಸಿನ ಕಿಟಕಿಯ ತಾಯಿಯ ಕಥೆ. ವಾರಪತ್ರಿಕೆಗಳು ಕೆಲವನ್ನು ಹಾಕಿದವು, ಹೆಚ್ಚಿನವನ್ನು ಹಿಂದಕ್ಕೆ ಕಳಿಸಿದವು. ಕೊನೆಗೆ ಪುಸ್ತಕ ಮಾಡಲು ಒಪ್ಪಿದ ಪ್ರಕಾಶನದ ಸಂಪಾದಕಿ ಒಬ್ಬರಿದ್ದಾರೆ, ನನ್ನ ಮಗಳ ವಯಸ್ಸು. ಅವರು ಹನ್ನೊಂದು ಕಥೆ ಓದಿ, "ಎಲ್ಲರೂ ತುಂಬ ಚೆನ್ನಾಗಿ ಮಾತಾಡ್ತಾರೆ. ಆದರೆ ನೀವು ಎಲ್ಲಿದ್ದೀರಿ?" ಅಂತ ಕೇಳಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ನಾಲ್ಕು ದಿನ ನಿನ್ನ ಅಂಗಡಿಗೂ ಬರಲಿಲ್ಲ. ಏನಾಯ್ತೇ, ನಾನೇನಾದ್ರೂ ಅಂದ್ನಾ ಅಂತ ನೀನು ಕೇಳಿ ಕಳಿಸಿದೆ. ನೀನು ಏನೂ ಅಂದಿರಲಿಲ್ಲ. ಆಕೆಯ ಪ್ರಶ್ನೆ ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಮೂವತ್ತು ವರ್ಷ ಬೇರೆಯವರ ಮಾತು ಕುಟ್ಟಿದವಳು ನಾನು, ನನ್ನದು ಎಂದು ಒಂದು ದನಿ ಇದೆಯೇ? ಇದ್ದರೆ ಅದು ಎಂಥದು? ಒರಟೋ, ಮೆದುವೋ, ಹೆಚ್ಚು ಮಾತಿನದೋ? ನಿಜವಾಗಿಯೂ ಗೊತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮೇಜಿನ ಮುಂದೆ ಕೂತು, "ನಾನೊಂದು ಸುಳ್ಳು ಹೇಳಿದೆ" ಎಂದು ಬರೆದೆ. ಮುಂದಿನದು ಮೂರು ಬೆಳಗಿನಲ್ಲಿ ಮುಗಿಯಿತು. ಅಲ್ಲಿ ಯಾರ ಹಾಗೂ ಮಾತಾಡಬೇಕಾಗಲಿಲ್ಲ. ಓದಿದರೆ ನನಗೇ ಆಶ್ಚರ್ಯ, ಹೀಗಿದ್ದೇನೆಯೇ ನಾನು ಎಂದು. ಸಂಪಾದಕಿ ಫೋನ್ ಮಾಡಿ, ಈಗ ಸಿಕ್ಕಿದ್ರಿ ಅಂದರು. ನಾನು ಸಿಕ್ಕಿಹಾಕಿಕೊಂಡದ್ದು ಅವರಿಗೇನು ಗೊತ್ತು!

ಆದ್ದರಿಂದ ಈ ಕಥೆಯನ್ನು ಬಿಡುವುದು ನನಗೆ ಸುಲಭವಲ್ಲ. ಅದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಬದುಕೆಲ್ಲ ಹುಡುಕಿ ಐವತ್ತೊಂಬತ್ತಕ್ಕೆ ಕೈಗೆ ಬಂದದ್ದು ಅದೊಂದೇ. ಆದರೆ ಅದಕ್ಕಿಂತ ನೀನು ಮೊದಲು ಬಂದವಳು. ನೀನು ಬೇಡ ಅಂದರೆ ಹನ್ನೊಂದೇ ಕಥೆಯ ಪುಸ್ತಕ ಬರಲಿ, ಅಳುವುದಿದ್ದರೆ ಮನೆಯಲ್ಲಿ ಅಳುತ್ತೇನೆ. ನೀನು ಗೋಡೆಯಿಂದ ಆ ಚೌಕಟ್ಟು ಕಿತ್ತು ನನ್ನ ಮನೆಗೆ ಕಳಿಸಿದರೂ ಒಪ್ಪಿಕೊಳ್ಳುತ್ತೇನೆ. ಬಯ್ಯಬೇಕೆನಿಸಿದರೆ ಬಂದು ಬಯ್ಯಿ, ಕಾಗದದಲ್ಲಿ ಬೇಡ. ನಿನ್ನ ದನಿಯಲ್ಲೇ ಕೇಳಬೇಕು.

ಶುಕ್ರವಾರ ಮಧ್ಯಾಹ್ನದವರೆಗೆ ಕಾಯುತ್ತೇನೆ.

ನಿನ್ನವಳೇ ಎಂದು ಬರೆಯುವ ಧೈರ್ಯ ಇವತ್ತಿಲ್ಲ,
ಕಿವಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸು ಬಂದಿದ್ದೇನೆ. ಇಷ್ಟುದ್ದ ತಪ್ಪೊಪ್ಪಿಗೆಯಲ್ಲೂ ಒಂದು ಸುಳ್ಳು ಉಳಿಸಿಕೊಂಡಿದ್ದೆ. ಕಥೆಯಲ್ಲೂ ಹಾಗೇ ಬರೆದಿದ್ದೇನೆ. ಟೇಪು ಸ್ಕ್ರೂವಿನ ಮಾತಿಗೆ ಮುಗಿಯಲಿಲ್ಲ. ಹಾಗಾದರೆ ಮುಂದೆ ಅಂಗಡಿ ಮಗಳು ನೋಡ್ಕೊಳ್ತಾಳಾ ಅಂತ ನರ್ಸ್ ಕೇಳಿದಳು. ನಿನ್ನ ಅಪ್ಪ ಹೇಳಿದರು: "ಅಯ್ಯೋ, ಅವಳ ಕೈಗೆ ಮಾತ್ರ ಬೇಡ. ಅವಳು ಮುಟ್ಟಿದ ಯಂತ್ರ ಮತ್ತೆ ಹೊಲಿಯಲ್ಲ. ಅವಳು ನಕ್ಷೆ ಬರೀಲಿ, ಹೋಗಿ ಸಮುದ್ರ ನೋಡ್ಲಿ." ನೀನು ಆ ದಿನ ಕೇಳಿದ್ದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಇದು. ಅದನ್ನು ಬದಿಗಿಟ್ಟು ನನ್ನದನ್ನು ಕೊಟ್ಟೆ. ಆ ಮಾತಿನ ಬೆನ್ನಿಗೇ ಟೇಪಿನಲ್ಲಿ ಒಂದು ಸಣ್ಣ ಸದ್ದು ಇತ್ತು, ಅರ್ಧ ಕ್ಷಣದ್ದು. ಹಿಮ್ಮಡಿ ಒತ್ತಿ ಒತ್ತಿ ಒಂಬತ್ತು ಸಲ ಕೇಳಿದೆ. ಅದು ನಗುವೋ ಕೆಮ್ಮೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ. ನಿನ್ನ ಅಪ್ಪ ನಿನ್ನನ್ನು ರೇಗಿಸುವಾಗ ಹೇಗೆ ನಗುತ್ತಿದ್ದರು, ಸೂಜಿ?